ಪಿಟ್ಸ್‌ಬರ್ಗ್ ಎಂದರೆ ದೇವಸ್ಥಾನದ ಪಾರ್ಕಿಂಗ್ ಅಲ್ಲ

ಅಕ್ಟೋಬರಿನಲ್ಲಿ ಪಿಟ್ಸ್‌ಬರ್ಗಿಗೆ ಹೋಗಿದ್ದೆ ಎಂದು ಡೊಂಬಿವಲಿಯ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಅರ್ಧ ಗಂಟೆಯೊಳಗೆ ಹನ್ನೊಂದು ಉತ್ತರ ಬಂತು. ಅದರಲ್ಲಿ ಒಂಬತ್ತು ಒಂದೇ: “ದರ್ಶನ ಚೆನ್ನಾಗಿ ಆಯ್ತಾ?” ಹತ್ತನೆಯದು, “ಪುಳಿಯೋಗರೆ ತಿಂದ್ರಾ?” ಹನ್ನೊಂದನೆಯವರು ಮಾತೇ ಬೇಡವೆಂದು ಕೈಮುಗಿದ ಚಿತ್ರ ಹಾಕಿದ್ದರು.

ದರ್ಶನ ಚೆನ್ನಾಗಿಯೇ ಆಯಿತು. ಪುಳಿಯೋಗರೆಯನ್ನೂ ತಿಂದೆ. ಆದರೆ ಆ ಹನ್ನೊಂದು ಮಂದಿಯಲ್ಲಿ ಅಲ್ಲಿಗೆ ಹೋಗಿಬಂದ ಏಳು ಜನರಿಗೆ ಇಲ್ಲಿ ಒಂದು ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ನೀವು ಪಿಟ್ಸ್‌ಬರ್ಗಿಗೆ ಹೋಗಿಯೇ ಇಲ್ಲ.

ವೆಂಕಟೇಶ್ವರ ದೇವಸ್ಥಾನ ಇರುವುದು ಪೆನ್ ಹಿಲ್ಸ್‌ನಲ್ಲಿ. ಅದು ನಗರದ ಪೂರ್ವಕ್ಕೆ, ಸ್ವಂತ ಆಡಳಿತ ಇರುವ ಬೇರೆಯೇ ಊರು. ನ್ಯೂಜೆರ್ಸಿಯಿಂದ ಹೊರಟವರು ಪೆನ್ಸಿಲ್ವೇನಿಯಾದ ಟೋಲ್ ರಸ್ತೆಯಲ್ಲಿ ಆರು ಗಂಟೆ ಬಂದು ಮನ್ರೋವಿಲ್ ಹತ್ತಿರ ಇಳಿಯುತ್ತಾರೆ. ಹತ್ತು ಹದಿನೈದು ನಿಮಿಷದಲ್ಲಿ ಗೋಪುರ. ದರ್ಶನ, ಪ್ರಸಾದ, ಮೆಟ್ಟಿಲ ಮೇಲೆ ಒಂದು ಗ್ರೂಪ್ ಫೋಟೊ, ಮತ್ತೆ ಅದೇ ಟೋಲ್ ರಸ್ತೆ. ನಗರ ಇನ್ನೂ ಹತ್ತು ಹನ್ನೆರಡು ಮೈಲಿ ಆಚೆ ಇರುತ್ತದೆ. ಕಲ್ಯಾಣ ಸ್ಟೇಷನ್ನಿನಲ್ಲಿ ಇಳಿದು ವಡಾಪಾವ್ ತಿಂದು ಮುಂಬಯಿ ನೋಡಿದೆ ಎಂದಂತೆ.

ದೇವಸ್ಥಾನದ ಮೇಲೆ ನನಗೆ ಮುನಿಸಿಲ್ಲ. 1965ರ ವಲಸೆ ಕಾನೂನಿನ ನಂತರ ಹೋದ ಇಂಜಿನಿಯರುಗಳು, ಡಾಕ್ಟರುಗಳು ಸೇರಿ 1970ರ ದಶಕದ ನಡುವಿನಲ್ಲಿ ಕಟ್ಟಿದ್ದು ಅದು. ಅಮೆರಿಕದಲ್ಲಿ ನಮ್ಮ ಶೈಲಿಯ ದೇವಸ್ಥಾನಗಳಲ್ಲಿ ತೀರಾ ಮೊದಲಿನವುಗಳ ಪೈಕಿ ಒಂದು. ಸಂಬಳದಲ್ಲಿ ಉಳಿಸಿ ಗುಡ್ಡದ ಮೇಲೆ ತಿರುಪತಿಯನ್ನು ಕಟ್ಟಿಕೊಂಡವರ ಶ್ರದ್ಧೆಗೆ ನಾನೂ ತಲೆಬಾಗುತ್ತೇನೆ. ನನ್ನ ತಕರಾರು ಭಕ್ತರ ಕಾರಿನ ಮೇಲೆ. ಅದು ಯಾಕೆ ಅಲ್ಲೇ ಹಿಂದಕ್ಕೆ ತಿರುಗುತ್ತದೆ?

ಯಾಕೆಂದರೆ ನಾವು ಅಮೆರಿಕಕ್ಕೆ ಹೋಗುವುದೇ ಎರಡನ್ನು ನೋಡಲು. ಒಂದು, ಗೆದ್ದವರನ್ನು. ಇನ್ನೊಂದು, ನಮ್ಮನ್ನೇ. ಟೈಮ್ಸ್ ಸ್ಕ್ವೇರ್, ಲಿಬರ್ಟಿ ಪ್ರತಿಮೆ, ಶ್ವೇತಭವನದ ಬೇಲಿ, ಲಾಸ್ ವೇಗಸ್ಸಿನ ದೀಪ ಗೆದ್ದವರ ಪಾಲಿಗೆ. ದೇವಸ್ಥಾನ, ಎಡಿಸನ್ನಿನ ದೋಸೆ ಹೋಟೆಲು, ಕನ್ನಡ ಕೂಟದ ಭಾನುವಾರದ ಊಟ ನಮ್ಮ ಪಾಲಿಗೆ. ನಡುವೆ ಒಂದು ಜಲಪಾತ. ಹೀಗೆ ಮಾಡಿದ ಪಟ್ಟಿಯಲ್ಲಿ, ಒಂದು ಸಲ ಸೋತು ಅರ್ಧ ಎದ್ದು ಕುಳಿತ ಊರಿಗೆ ಎಲ್ಲಿಯ ಜಾಗ?

ನನ್ನ ಮಗಳೂ ಅಂಥದೇ ಪಟ್ಟಿ ಮಾಡಿದ್ದಳು. ಪಿಟ್ಸ್‌ಬರ್ಗಿಗೆ ಒಂದು ಬೆಳಗ್ಗೆ. ನಾನು ಹಟ ಹಿಡಿದೆ. “ಅಪ್ಪ, ಅಲ್ಲಿ ನೋಡೋಕೆ ಏನಿದೆ? ಹಳೇ ಕಾರ್ಖಾನೆ ಊರು” ಅಂದಳು. ಅದಕ್ಕೇ ನೋಡಬೇಕು ಅಂದೆ. ಕೊನೆಗೆ ಅಳಿಯನೇ ದಾರಿ ತೋರಿಸಿದ. “ಮಾವ, ನೀವು ಅತ್ತೆ ಇಬ್ಬರೂ ಶುಕ್ರವಾರ ಇಲ್ಲೇ ಇಳಿದುಕೊಳ್ಳಿ. ನಾವು ಕ್ಲೀವ್‌ಲ್ಯಾಂಡಿನಲ್ಲಿ ಗೆಳೆಯರ ಮನೆಗೆ ಹೋಗಿ ಭಾನುವಾರ ಬಂದು ಕರಕೊಂಡು ಹೋಗ್ತೀವಿ.” ಓಕ್‌ಲ್ಯಾಂಡ್ ಎಂಬ ಬಡಾವಣೆಯಲ್ಲಿ ರೂಮು ಹಿಡಿದು ಎರಡು ರಾತ್ರಿ ನಾವಿಬ್ಬರೇ ಉಳಿದೆವು.

ನನ್ನ ಹಟಕ್ಕೆ ಕಾರಣವಿತ್ತು. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ನಮ್ಮಪ್ಪ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದರು. ಮನೆಯಲ್ಲಿ ಯಾವುದಾದರೂ ಸಾಮಾನು ಗಟ್ಟಿಯಾಗಿದ್ದರೆ ಅಪ್ಪ ಹೇಳುತ್ತಿದ್ದದ್ದು, “ಪಿಟ್ಸ್‌ಬರ್ಗ್ ಮಾಲು ಇದ್ದಂಗಿದೆ.” ಆ ಊರು ಎಲ್ಲಿದೆ ಎಂದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕಾರ್ಖಾನೆಯ ಹಿರಿಯರ ಬಾಯಿಂದ ಅವರಿಗೆ ಬಂದ ಮಾತು ಅದು.

ಆ ಮಾತಿಗೆ ಬೇರು ಇದೆ. ಜಮ್‌ಸೇಟ್‌ಜಿ ಟಾಟಾ ಉಕ್ಕಿನ ಕನಸು ಹೊತ್ತು 1902ರಲ್ಲಿ ಅಮೆರಿಕಕ್ಕೆ ಹೋದಾಗ ಕಂಡವರಲ್ಲಿ ಪಿಟ್ಸ್‌ಬರ್ಗಿನ ಜೂಲಿಯನ್ ಕೆನಡಿ ಎಂಬ ಇಂಜಿನಿಯರ್ ಒಬ್ಬರು. ನ್ಯೂಯಾರ್ಕಿನ ಚಾರ್ಲ್ಸ್ ಪೇಜ್ ಪೆರಿನ್ ಅವರನ್ನು ನೋಡಿ ಎಂದು ಕಳಿಸಿದವರು ಕೆನಡಿಯೇ. ಮುಂದೆ ಜಮ್‌ಶೆಡ್‌ಪುರದ ಮೊದಲ ನಕ್ಷೆ ಬಂದದ್ದು ಕೆನಡಿಯ ಪಿಟ್ಸ್‌ಬರ್ಗ್ ಕಂಪನಿಯಿಂದ. ಭದ್ರಾವತಿಯಲ್ಲಿ ಇದ್ದಿಲಿನಿಂದ ಕಬ್ಬಿಣ ತೆಗೆಯಬಹುದೇ ಎಂದು ಮೈಸೂರು ಸರ್ಕಾರ ಸಲಹೆ ಕೇಳಿದ್ದು ಅದೇ ಪೆರಿನ್ ಅವರನ್ನು. 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿತು. ವಿಶ್ವೇಶ್ವರಯ್ಯನವರು ಅದರ ಆಡಳಿತ ವಹಿಸಿಕೊಂಡು ನಷ್ಟದಿಂದ ಎತ್ತಿ ನಿಲ್ಲಿಸಿದ ಕಥೆಯನ್ನು ನಮ್ಮಲ್ಲಿ ಶಾಲೆಯ ಮಕ್ಕಳೂ ಹೇಳುತ್ತಾರೆ. ಅಂದರೆ ಪಿಟ್ಸ್‌ಬರ್ಗ್ ನನಗೆ ಪರದೇಶದ ಊರಲ್ಲ, ನಮ್ಮೂರಿನ ದೊಡ್ಡಜ್ಜನ ಮನೆ.

ಊರು ನೋಡಲು ಚಂದವೋ? ಚಂದ. ಅಲೆಗೆನಿ, ಮನೊಂಗಹೀಲ ಎಂಬ ಎರಡು ನದಿಗಳು ಸೇರಿ ಒಹಾಯೊ ನದಿ ಹುಟ್ಟುವ ಮೂಲೆಯಲ್ಲಿ ನಗರ ಕೂತಿದೆ. ಸುತ್ತ ಕಡಿದಾದ ಗುಡ್ಡ. 446 ಸೇತುವೆ ಎಂದು ಊರವರು ಎಣಿಸಿ ಹೇಳುತ್ತಾರೆ. ಗುಡ್ಡ ಹತ್ತಲು ಏಳುನೂರಕ್ಕೂ ಹೆಚ್ಚು ಸಾರ್ವಜನಿಕ ಮೆಟ್ಟಿಲ ಸಾಲುಗಳಿವೆ. ಕೆಲವಕ್ಕೆ ನಕ್ಷೆಯಲ್ಲಿ ಬೀದಿಯ ಹೆಸರೇ ಇದೆ. ಕೂಡಲಿಯಲ್ಲಿ ತುಂಗೆ ಭದ್ರೆ ಸೇರುವುದನ್ನು ನೋಡಿ ಬೆಳೆದವನಿಗೆ ಎರಡು ನದಿ ಸೇರುವ ಜಾಗ ಎಲ್ಲೇ ಇದ್ದರೂ ಕಾಲು ನಿಲ್ಲುತ್ತದೆ. ಅಷ್ಟು ಸಾಕು. ಚಂದದ ಬಗ್ಗೆ ಹೇಳಲು ಪ್ರವಾಸದ ಪುಸ್ತಕಗಳಿವೆ, ನನ್ನ ಜಗಳ ಬೇರೆಯದು.

ಗುಡ್ಡಕ್ಕೆ ಹತ್ತಿಸುವ ಹಗ್ಗದ ರೈಲನ್ನು ಮಾತ್ರ ಬಿಡಲಾರೆ. ಕೆಳಗೆ ನದಿ ದಂಡೆಯಲ್ಲಿ ಕಾರ್ಖಾನೆ, ಮೇಲೆ ಕೂಲಿಗಳ ಮನೆ. ದಿನವೂ ಹತ್ತಿ ಇಳಿಯಲು ಹತ್ತೊಂಬತ್ತನೇ ಶತಮಾನದಲ್ಲಿ ಹಳಿ ಹಾಕಿದರು. ಡುಕೇನ್ ಇಳಿಜಾರು ರೈಲು 1877ರದ್ದು. ದುರಸ್ತಿಗೆ ದುಡ್ಡಿಲ್ಲವೆಂದು 1962ರಲ್ಲಿ ಅದು ನಿಂತಿತು. ಮೇಲಿನ ಬಡಾವಣೆಯ ಜನ ಚಂದಾ ಎತ್ತಿ ಮಾರನೇ ವರ್ಷ ಮತ್ತೆ ಓಡಿಸಿದರು, ಇಂದಿಗೂ ಅವರು ಕಟ್ಟಿಕೊಂಡ ಸಂಸ್ಥೆಯೇ ನಡೆಸುತ್ತಿದೆ. ಮೇಲಿನ ಕಟ್ಟೆಯಿಂದ ಕಾಣುವ ನಗರದ ನೋಟ ಎಲ್ಲರ ಫೋಟೊದಲ್ಲೂ ಇದೆ. ಆದರೆ ಡಬ್ಬಿಯೊಳಗೆ ನಮ್ಮ ಎದುರಿಗೆ ಕೂತಿದ್ದ ಹೆಂಗಸು ಫೋಟೊ ತೆಗೆಯಲಿಲ್ಲ. ತರಕಾರಿ ಚೀಲ ಹಿಡಿದು ಮನೆಗೆ ಹೋಗುತ್ತಿದ್ದಳು.

ಶನಿವಾರ ಬೆಳಿಗ್ಗೆ ಫೋರ್ಬ್ಸ್ ಅವೆನ್ಯೂದಲ್ಲಿ 61ಸಿ ಬಸ್ಸು ಹಿಡಿದು ಹೋಮ್‌ಸ್ಟೆಡ್‌ಗೆ ಹೋದೆವು. ಬಸ್ಸಿನಲ್ಲಿ ಮುದುಕರೊಬ್ಬರು ನಮ್ಮಿಬ್ಬರನ್ನೂ ನೋಡಿ, “ಯಿನ್ಜ್” ಎಲ್ಲಿಗೆ ಹೊರಟಿರಿ ಎಂದು ಕೇಳಿದರು. ಇಂಗ್ಲಿಷಿನಲ್ಲಿ ನೀನು ನೀವು ಭೇದ ಇಲ್ಲವೆಂದು ನಾವು ಶಾಲೆಯಲ್ಲಿ ಕಲಿತಿದ್ದೇವಲ್ಲ, ಈ ಊರವರು ಬಹುವಚನಕ್ಕೆ ತಮ್ಮದೇ ಪದ ಇಟ್ಟುಕೊಂಡಿದ್ದಾರೆ. ಉಳಿದ ಅಮೆರಿಕ ಅದನ್ನು ಆಡಿಕೊಂಡು ನಗುತ್ತದೆ, ನಮ್ಮ ಸಿನಿಮಾದವರು ಧಾರವಾಡದ, ಮಂಗಳೂರಿನ ಕನ್ನಡವನ್ನು ಹಾಸ್ಯಪಾತ್ರಕ್ಕೆ ಕಟ್ಟಿದ ಹಾಗೆ. ಜಗತ್ತಿಗೆಲ್ಲ ಭಾಷೆ ಕಲಿಸುವ ಡುವೊಲಿಂಗೊ ಕಂಪನಿಯ ಮುಖ್ಯ ಕಚೇರಿ ಇದೇ ಊರಿನಲ್ಲಿದೆ. ಅದರಲ್ಲಿ ಹಿಂದಿ ಉಂಟು, ಕನ್ನಡವಿಲ್ಲ. ಇರಲಿ, ಅದು ಇನ್ನೊಂದು ದಿನದ ಜಗಳ.

ಹೋಮ್‌ಸ್ಟೆಡ್ ಎಂದರೆ ಕಾರ್ಮಿಕ ಚಳವಳಿಯ ಕುರುಕ್ಷೇತ್ರ. 1892ರಲ್ಲಿ ಆಂಡ್ರೂ ಕಾರ್ನೆಗಿಯ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ ಇಳಿಸುವ ಮಾತು ಬಂತು. ಸಂಘ ಒಪ್ಪಲಿಲ್ಲ. ಕಾರ್ನೆಗಿ ಸ್ಕಾಟ್ಲೆಂಡಿನಲ್ಲಿ ಹವಾ ಬದಲಾವಣೆಗೆ ಹೋಗಿದ್ದ. ಅವನ ಪಾಲುದಾರ ಹೆನ್ರಿ ಫ್ರಿಕ್ ಕಾರ್ಖಾನೆಗೆ ಎತ್ತರದ ಬೇಲಿ ಹಾಕಿಸಿ ಬೀಗ ಜಡಿದ. ಜುಲೈ 6ರ ನಸುಕಿನಲ್ಲಿ ಮುನ್ನೂರು ಬಾಡಿಗೆ ಕಾವಲುಗಾರರನ್ನು ದೋಣಿಯಲ್ಲಿ ನದಿ ಮೇಲಿಂದ ತಂದ. ಊರಿಗೆ ಊರೇ ದಂಡೆಗೆ ಇಳಿಯಿತು. ದಿನವಿಡೀ ಗುಂಡು ಹಾರಿತು. ಏಳು ಕಾರ್ಮಿಕರು, ಮೂವರು ಕಾವಲಿನವರು ಸತ್ತರು. ಅವತ್ತು ಗೆದ್ದದ್ದು ಕಾರ್ಮಿಕರು. ಆದರೆ ವಾರದೊಳಗೆ ರಾಜ್ಯದ ಸೇನೆ ಬಂತು, ಸಂಘ ಮುರಿಯಿತು, ಉಕ್ಕಿನ ಕಾರ್ಖಾನೆಗಳಲ್ಲಿ ಸಂಘ ಮತ್ತೆ ಬಲವಾಗಿ ನಿಲ್ಲಲು ಸುಮಾರು ನಲವತ್ತು ವರ್ಷ ಬೇಕಾಯಿತು. ಆ ಕಾಲದ ಬಹುಭಾಗ ದಿನಕ್ಕೆ ಹನ್ನೆರಡು ಗಂಟೆ ದುಡಿಯುವುದೇ ನಿಯಮವಾಗಿತ್ತು. ಪಾಳಿ ಬದಲಾಗುವ ದಿನ ಒಂದೇ ಸಮನೆ ಇಪ್ಪತ್ತನಾಲ್ಕು ಗಂಟೆ.

ಆ ಕಾರ್ಖಾನೆ 1986ರಲ್ಲಿ ಮುಚ್ಚಿತು. ಈಗ ಅಲ್ಲಿ ಏನಿದೆ ಗೊತ್ತೇ? ಮಾಲು. ಸಿನಿಮಾ ಮಂದಿರ, ಚಪ್ಪಲಿ ಅಂಗಡಿ, ವಿಶಾಲವಾದ ಪಾರ್ಕಿಂಗ್. ಹನ್ನೆರಡು ಇಟ್ಟಿಗೆಯ ಚಿಮಣಿಗಳು ಮಾತ್ರ ಸಾಲಾಗಿ ನಿಂತಿವೆ. ನೋಡಿದ ಕೂಡಲೇ ನನಗೆ ಲೋವರ್ ಪರೇಲ್ ನೆನಪಾಯಿತು. ಮುಂಬಯಿಯ ಓದುಗರಿಗೆ ವಿವರಿಸಬೇಕಾಗಿಲ್ಲ. ಫೀನಿಕ್ಸ್ ಮಿಲ್ಲಿನ ಚಿಮಣಿಯ ಕೆಳಗೆ ನೀವೂ ಮೊಮ್ಮಕ್ಕಳಿಗೆ ಐಸ್‌ಕ್ರೀಂ ಕೊಡಿಸಿದ್ದೀರಿ.

ನಾನು ಮುಂಬಯಿಗೆ ಬಂದದ್ದು 1983ರಲ್ಲಿ, ಬ್ಯಾಂಕಿನ ಗುಮಾಸ್ತೆ ಕೆಲಸಕ್ಕೆ. ಪರೇಲಿನ ಚಾಳಿನಲ್ಲಿ ನಾಲ್ವರ ಜೊತೆ ಒಂದು ಖೋಲಿ. 1982ರ ಜನವರಿ 18ಕ್ಕೆ ಶುರುವಾದ ಗಿರಣಿ ಮುಷ್ಕರ ಆಗ ಮುಗಿದೂ ಇರಲಿಲ್ಲ, ನಡೆಯುತ್ತಲೂ ಇರಲಿಲ್ಲ. ಎರಡೂವರೆ ಲಕ್ಷದಷ್ಟು ಜನ ಹೊರಗಿದ್ದರು. ನಾವು ಊಟ ಮಾಡುತ್ತಿದ್ದ ಖಾನಾವಳಿಯ ಬಾಯಿ ಬಾಕಿ ಬರೆಯುವ ಪುಸ್ತಕವನ್ನು ತೆರೆಯುವುದನ್ನೇ ನಿಲ್ಲಿಸಿದ್ದಳು, ಕೊಡುವವರು ಊರಿಗೆ ಹೋಗಿಬಿಟ್ಟಿದ್ದರು. ಪಿಟ್ಸ್‌ಬರ್ಗಿನ ನದಿ ದಂಡೆಯಲ್ಲಿ ಒಂದರ ಹಿಂದೆ ಒಂದು ಕುಲುಮೆ ಆರಿದ್ದೂ ಸರಿಯಾಗಿ ಅದೇ ವರ್ಷಗಳಲ್ಲಿ.

ಆಮೇಲೆ ಮುಂಬಯಿಯಲ್ಲಿ ಏನಾಯಿತು? ಸುಮಾರು 600 ಎಕರೆ ಗಿರಣಿ ಜಮೀನು. 1991ರ ನಿಯಮದ ಪ್ರಕಾರ ಮೂರನೇ ಒಂದು ಪಾಲು ನಗರದ ಬಯಲಿಗೆ, ಮೂರನೇ ಒಂದು ಪಾಲು ಬಡವರ ಮನೆಗೆ, ಉಳಿದದ್ದು ಮಾಲೀಕರಿಗೆ. 2001ರಲ್ಲಿ ನಿಯಮಕ್ಕೆ ಒಂದು ತಿದ್ದುಪಡಿ ಬಂತು: ಪಾಲು ಕೊಡಬೇಕಾದದ್ದು ಕಟ್ಟಡವಿಲ್ಲದ ಖಾಲಿ ಜಾಗದಲ್ಲಿ ಮಾತ್ರ. ಗಿರಣಿ ಎಂದರೆ ಕಟ್ಟಡವೇ, ಖಾಲಿ ಜಾಗ ಎಲ್ಲಿಂದ ಬರಬೇಕು? 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಗಾಜಿನ ಗೋಪುರಗಳು ಎದ್ದವು. ಅವುಗಳಲ್ಲಿ ನಮ್ಮ ಮಕ್ಕಳಿಗೆ ಕೆಲಸವೂ ಸಿಕ್ಕಿತು. ಹಾಗಾಗಿ ನಾವು ಸುಮ್ಮನಾದೆವು. ನಾನೂ ಸುಮ್ಮನಾದವನೇ.

ಹಾಗಾದರೆ ಪಿಟ್ಸ್‌ಬರ್ಗಿನಲ್ಲೂ ಮಾಲು, ನಮ್ಮಲ್ಲೂ ಮಾಲು. ಹೆಚ್ಚುಗಾರಿಕೆ ಏನು ಬಂತು ಎಂದು ನನ್ನ ಹೆಂಡತಿಯೂ ಕೇಳಿದಳು. ಎರಡು ಇದೆ.

ಒಂದು, ಗ್ರಂಥಾಲಯ. ಮಾಲಿನಿಂದ ಗುಡ್ಡದ ಕಡೆಗೆ ನಡೆದರೆ ಕಾರ್ನೆಗಿ 1898ರಲ್ಲಿ ಕಟ್ಟಿಸಿದ ಗ್ರಂಥಾಲಯವಿದೆ. ಒಳಗೆ ಸಂಗೀತ ಸಭಾಂಗಣ, ಈಜುಕೊಳ. ಆರು ವರ್ಷ ಹಿಂದೆ ಗುಂಡು ಹಾರಿದ ಊರಿಗೇ ಕೊಟ್ಟ ಉಡುಗೊರೆ. ಜಗತ್ತಿನಾದ್ಯಂತ ಎರಡೂವರೆ ಸಾವಿರ ಗ್ರಂಥಾಲಯ ಕಟ್ಟಿಸಿದ ಪುಣ್ಯಾತ್ಮ ಎಂದು ನಮ್ಮ ಭಾಷಣಕಾರರು ಅವನನ್ನು ಹೊಗಳುವುದನ್ನು ನಾನು ಹತ್ತು ಕಡೆ ಕೇಳಿದ್ದೇನೆ. ದಾನಿಗಳ ಎದುರು ಕೈಯೊಡ್ಡುವ ಎಲ್ಲ ಸಂಘದವರಿಗೂ ಕಾರ್ನೆಗಿ ಪ್ರಿಯ. ನನಗೆ ಆ ಮೆಟ್ಟಿಲ ಮೇಲೆ ನಿಂತಾಗ ಬಂದ ಪ್ರಶ್ನೆ ಇಷ್ಟೇ: ಹನ್ನೆರಡು ಗಂಟೆ ಕುಲುಮೆಯ ಮುಂದೆ ಬೆಂದು ಬಂದವನು ಓದುವುದು ಯಾವಾಗ? ಕೂಲಿಯಿಂದ ಕತ್ತರಿಸಿದ ದುಡ್ಡನ್ನು ಪುಸ್ತಕ ಮಾಡಿ ಕೊಡುವ ಬದಲು ಕೂಲಿಯನ್ನೇ ಕೊಟ್ಟಿದ್ದರೆ, ಎಂಟು ಗಂಟೆ ಮಾಡಿದ್ದರೆ, ಅವರೇ ಗ್ರಂಥಾಲಯ ಕಟ್ಟಿಕೊಳ್ಳುತ್ತಿರಲಿಲ್ಲವೇ? ಇದು ನನ್ನ ಸ್ವಂತ ಜಾಣತನವಲ್ಲ. ಆ ಕಾಲದ ಕಾರ್ಮಿಕರೇ ಹೀಗೆ ಕೇಳಿದ್ದರು, ಕೆಲವು ಊರಿನವರು ಕಾರ್ನೆಗಿಯ ದುಡ್ಡು ಬೇಡವೆಂದು ತಿರುಗಿಸಿದ್ದರು.

ಆದರೆ ಪಿಟ್ಸ್‌ಬರ್ಗಿನ ಗ್ರಂಥಾಲಯಗಳು ಇಂದು ಬಾಗಿಲು ತೆರೆದಿರುವುದು ಕಾರ್ನೆಗಿಯಿಂದ ಅಲ್ಲ. ಅವನು ಕಟ್ಟಡ ಕೊಟ್ಟು, ನಡೆಸುವ ಖರ್ಚು ಊರಿನದು ಎಂದ. ಊರು ಅರ್ಧ ಖಾಲಿಯಾಯಿತು. 1950ರಲ್ಲಿ 6,76,806 ಇದ್ದ ಜನಸಂಖ್ಯೆ 2020ಕ್ಕೆ 3,02,971. ತೆರಿಗೆ ಕಟ್ಟುವವರೇ ಇಲ್ಲ. 2009ರಲ್ಲಿ ಕೆಲವು ಶಾಖೆಗಳನ್ನು ಮುಚ್ಚುವ ಪಟ್ಟಿಯೂ ತಯಾರಾಯಿತು. ಆಗ ಜನ ಬೀದಿಗೆ ಬಂದರು. 2011ರಲ್ಲಿ ಮತಪೆಟ್ಟಿಗೆಗೆ ಒಂದು ಪ್ರಶ್ನೆ ಹೋಯಿತು: ಗ್ರಂಥಾಲಯಕ್ಕೆಂದೇ ಮನೆ ತೆರಿಗೆ ಸ್ವಲ್ಪ ಏರಿಸೋಣವೇ? ಊರು ಹೌದು ಎಂದು ಮತ ಹಾಕಿತು. ಅದಲ್ಲದೆ ಇಡೀ ಜಿಲ್ಲೆಯಲ್ಲಿ ಮಾರಾಟ ತೆರಿಗೆಯ ಒಂದು ಪಾಲು 1990ರ ದಶಕದಿಂದಲೂ ಗ್ರಂಥಾಲಯ, ಉದ್ಯಾನಗಳಿಗೆ ಹೋಗುತ್ತಿದೆ. ಓಕ್‌ಲ್ಯಾಂಡಿನ ಮುಖ್ಯ ಗ್ರಂಥಾಲಯದ ಬಾಗಿಲ ಮೇಲೆ ಜನರಿಗೆ ಉಚಿತ ಎಂಬರ್ಥದ ಮಾತನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಕೆತ್ತಿಸಿದವನು ಕಾರ್ನೆಗಿ. ಅದನ್ನು ನಿಜ ಮಾಡುತ್ತಿರುವವರು ತರಕಾರಿ ಚೀಲದ ಆ ಹೆಂಗಸಿನಂಥವರು.

ನಾನು ಅಲ್ಲಿ ಎರಡು ಗಂಟೆ ಕೂತೆ. ಯಾರೂ ಗುರುತಿನ ಚೀಟಿ ಕೇಳಲಿಲ್ಲ. ಪಕ್ಕದ ಮೇಜಿನಲ್ಲಿ ಮನೆಯಿಲ್ಲದ ಒಬ್ಬಾತ ಪತ್ರಿಕೆ ಹಿಡಿದೇ ನಿದ್ದೆ ಹೋಗಿದ್ದ, ಅವನನ್ನು ಎಬ್ಬಿಸಲೂ ಇಲ್ಲ.

ಕರ್ನಾಟಕದಲ್ಲೂ ಕಾನೂನು ಇದೆ, 1965ರಿಂದಲೇ. ಮನೆ ತೆರಿಗೆಯ ಜೊತೆ ಶೇ. 6 ಗ್ರಂಥಾಲಯ ಸೆಸ್ ಎಂದು ನಿಮ್ಮ ಅಣ್ಣತಮ್ಮಂದಿರು ಊರಿನಲ್ಲಿ ಕಟ್ಟುತ್ತಲೇ ಇದ್ದಾರೆ. ವಸೂಲಿಯಾದ ಸೆಸ್ಸನ್ನು ಬೆಂಗಳೂರಿನ ಪಾಲಿಕೆ ಗ್ರಂಥಾಲಯ ಇಲಾಖೆಗೆ ಸರಿಯಾಗಿ ದಾಟಿಸಿಲ್ಲ ಎಂಬ ಸುದ್ದಿಯನ್ನು ಎಷ್ಟು ವರ್ಷದಿಂದ ಓದುತ್ತಿದ್ದೇವೆ? ಇದಕ್ಕಾಗಿ ಯಾರಾದರೂ ಬೀದಿಗೆ ಬಂದದ್ದು ನಿಮಗೆ ನೆನಪಿದೆಯೇ? ಮುಂಬಯಿಯಲ್ಲಿ ಹೋಟೆಲಿನ ಮೇಜು ಒರೆಸುವ ಹುಡುಗರಿಗೆ ಕನ್ನಡ ರಾತ್ರಿ ಶಾಲೆ ಕಟ್ಟಿದ ಹಿರಿಯರ ಮಕ್ಕಳು ನಾವು. ಆ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕುವಾಗ ನಾವು ವಾರ್ಷಿಕೋತ್ಸವಕ್ಕೆ ಸಿನಿಮಾ ನಟರನ್ನು ಕರೆಸುತ್ತಿದ್ದೆವು.

ಎರಡನೆಯದು ಕ್ಯಾರಿ. ಹೋಮ್‌ಸ್ಟೆಡ್ಡಿಗೆ ಕರಗಿದ ಕಬ್ಬಿಣ ಕಳಿಸುತ್ತಿದ್ದ ಊದುಕುಲುಮೆಗಳು ನದಿಯ ಆಚೆ ದಡದಲ್ಲಿವೆ. 6 ಮತ್ತು 7ನೇ ನಂಬರಿನವು 1907ರಲ್ಲಿ ಕಟ್ಟಿದ್ದು, ಸುಮಾರು 92 ಅಡಿ ಎತ್ತರ. 1982ರಲ್ಲಿ ಇಡೀ ಘಟಕ ಮುಚ್ಚಿತು. ಗುಜರಿಗೆ ಹೋಗಬೇಕಿದ್ದ ಇವೆರಡನ್ನು ಊರವರು ಹೋರಾಡಿ ಉಳಿಸಿಕೊಂಡರು. 2006ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು. ಬೇಸಿಗೆಯಿಂದ ಅಕ್ಟೋಬರ್ ತನಕ ವಾರದ ಕೊನೆಗೆ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ.

ಗೇಟಿನ ಹತ್ತಿರ ಟ್ಯಾಕ್ಸಿ ಇಳಿದು ಮೇಲೆ ನೋಡಿದ ನನ್ನವಳು, “ಏನ್ರೀ, ಇಷ್ಟು ದೂರ ಬಂದು ತುಕ್ಕು ಹಿಡಿದ ಕಬ್ಬಿಣ ನೋಡೋದಾ? ಭದ್ರಾವತೀಲಿ ಪುಕ್ಕಟೆ ನೋಡಬಹುದಿತ್ತಲ್ಲ” ಅಂದಳು. ಭದ್ರಾವತಿಯಲ್ಲಿ ನೋಡಲಾಗುವುದಿಲ್ಲ. ಗೇಟಿನ ಒಳಗೆ ಬಿಡುವುದಿಲ್ಲ. ಮೂವತ್ತೊಂದು ವರ್ಷ ದುಡಿದವರ ಮಗನಾದ ನಾನು ಕುಲುಮೆಯನ್ನು ಹತ್ತಿರದಿಂದ ನೋಡಿದ್ದು ಜೀವನದಲ್ಲಿ ಒಂದೇ ಸಲ, ಆಯುಧಪೂಜೆಯ ದಿನ, ಅಪ್ಪನ ಹೆಗಲ ಮೇಲೆ ಕೂತು.

ನಮ್ಮನ್ನು ಕರೆದುಕೊಂಡು ಹೋದವರಿಗೆ ಎಪ್ಪತ್ತು ದಾಟಿತ್ತು. ಹೋಮ್‌ಸ್ಟೆಡ್ಡಿನಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿ, ಬಾಗಿಲು ಮುಚ್ಚಿದ ದಿನ ಮನೆಗೆ ಹೋದವರು. ನಾನು ಹೆಮ್ಮೆಯ ಮಾತುಗಳನ್ನು ನಿರೀಕ್ಷಿಸಿದ್ದೆ. ಅವರು ಹೇಳಿದ್ದು ಲೆಕ್ಕ. ಮೇಲಿಂದ ಅದಿರು, ಕೋಕ್, ಸುಣ್ಣದ ಕಲ್ಲು ಯಾವ ಅಳತೆಯಲ್ಲಿ ಬೀಳುತ್ತಿತ್ತು. ಕೆಳಗೆ ಜೇಡಿಮಣ್ಣಿನ ಬಿರಡೆ ಕೊರೆದು ಕಬ್ಬಿಣ ಹರಿಸುವಾಗ ಮರದ ಅಟ್ಟೆಯ ಚಪ್ಪಲಿಯನ್ನು ಬೂಟಿನ ಮೇಲೆ ಯಾಕೆ ಕಟ್ಟಿಕೊಳ್ಳುತ್ತಿದ್ದರು. ಮರಳಿನ ಕಾಲುವೆಯಲ್ಲಿ ಒಂದು ಹನಿ ನೀರಿದ್ದರೆ ಏನಾಗುತ್ತಿತ್ತು. ಆಮೇಲೆ ಇನ್ನೊಂದು ಲೆಕ್ಕ. ಮೇಸ್ತ್ರಿಗಳು ಐರಿಷ್, ವೆಲ್ಷ್ ಮನೆತನದವರು. ಕುಲುಮೆಯ ಬಾಯಿಗೆ ಸ್ಲೋವಾಕರು, ಹಂಗೇರಿಯವರು. ಕೋಕ್ ಒಲೆಯ ಹೊಗೆಗೆ ಕರಿಯರು. ಯಾರು ಎಲ್ಲಿ ಸುಡಬೇಕು ಎಂದು ಹುಟ್ಟಿನಿಂದಲೇ ತೀರ್ಮಾನವಾಗಿರುತ್ತಿತ್ತು ಎಂದು ಅವರು ಯಾವ ಭಾವವೂ ಇಲ್ಲದೆ ಹೇಳಿ ಮುಂದೆ ನಡೆದರು.

ನಾನು ಅಲ್ಲೇ ನಿಂತೆ. ನಮ್ಮಪ್ಪ ಸ್ಟೋರ್ಸ್‌ನಲ್ಲಿ, ಫ್ಯಾನಿನ ಕೆಳಗೆ, ರಿಜಿಸ್ಟರ್ ಮುಂದೆ. ಭದ್ರಾವತಿಯ ಕುಲುಮೆಯ ಬಾಯಿಗೆ ನಿಲ್ಲುತ್ತಿದ್ದವರು ಯಾರು? ಯಾವ ಕೇರಿಯವರು? ಅವರ ಮಕ್ಕಳು ನನ್ನ ಶಾಲೆಯಲ್ಲಿ ಇದ್ದರೇ? ಅರವತ್ತೈದು ವರ್ಷದಲ್ಲಿ ನಾನು ಈ ಪ್ರಶ್ನೆಯನ್ನು ಕೇಳಿಕೊಂಡೇ ಇರಲಿಲ್ಲ. ಕೇಳಿಕೊಳ್ಳಲು ಅಟ್ಲಾಂಟಿಕ್ ದಾಟಬೇಕಾಯಿತು ಎನ್ನುವುದು ನನಗೆ ಮರ್ಯಾದೆಯ ಸಂಗತಿಯಲ್ಲ. ಆದರೆ ಟೈಮ್ಸ್ ಸ್ಕ್ವೇರಿನಲ್ಲಿ ನಿಂತಿದ್ದರೆ ಖಂಡಿತ ಕೇಳಿಕೊಳ್ಳುತ್ತಿರಲಿಲ್ಲ.

ಇಲ್ಲಿ ಇನ್ನೊಂದು ಗುಂಪಿನ ಜೊತೆ ನನ್ನ ಜಗಳ ಶುರುವಾಗುತ್ತದೆ. ಅವರು ದೇವಸ್ಥಾನದಿಂದ ವಾಪಸಾಗುವವರಲ್ಲ, ವಿಚಾರಸಂಕಿರಣದಿಂದ ಬರುವವರು. ಉಕ್ಕು ಹೋದರೇನು, ಪಿಟ್ಸ್‌ಬರ್ಗ್ ಆಸ್ಪತ್ರೆ, ವಿಶ್ವವಿದ್ಯಾಲಯ, ರೋಬಾಟು ಕಟ್ಟಿ ಎದ್ದು ನಿಂತಿತು. ಹಳೆಯ ಕಾರ್ಖಾನೆಗಳಿಗೆ ಅಳುವುದು ಬಿಡಿ, ಮುಂದೆ ನೋಡಿ ಎನ್ನುತ್ತಾರೆ. ಎದ್ದು ನಿಂತದ್ದು ಸುಳ್ಳಲ್ಲ. ಜೋನಾಸ್ ಸಾಕ್ ಪೋಲಿಯೊ ಲಸಿಕೆಯನ್ನು ಸಿದ್ಧಪಡಿಸಿದ ವಿಶ್ವವಿದ್ಯಾಲಯ ಅದು. ಅಮೆರಿಕದ ಉಕ್ಕಿಗಾಗಿ ಕಟ್ಟಿದ 64 ಮಹಡಿಯ ಗೋಪುರದ ನೆತ್ತಿಯ ಮೇಲೆ ಈಗ ಆಸ್ಪತ್ರೆ ಸಂಸ್ಥೆಯ ಹೆಸರು ಹೊಳೆಯುತ್ತದೆ. ಆದರೆ ನಿಂತವರು ಯಾರು? 42 ಮಹಡಿಯ ವಿಶ್ವವಿದ್ಯಾಲಯದ ಕಟ್ಟಡಕ್ಕೆ 1920ರ ದಶಕದಲ್ಲಿ ಶಾಲೆಯ ಮಕ್ಕಳು ಹತ್ತು ಸೆಂಟಿನಂತೆ ಕೊಟ್ಟು ಇಟ್ಟಿಗೆ ಕೊಂಡರಲ್ಲ, ಆ ಮಕ್ಕಳ ಮೊಮ್ಮಕ್ಕಳೇ? ಊರು ಬಿಟ್ಟು ಹೋದ ಮೂರು ಮುಕ್ಕಾಲು ಲಕ್ಷದ ಲೆಕ್ಕ ಆ ಸ್ಲೈಡಿನಲ್ಲಿ ಎಲ್ಲಿದೆ?

ಕ್ಯಾರಿಯಿಂದ ಸ್ವಲ್ಪ ದೂರದಲ್ಲಿ ಬ್ರಾಡಕ್ ಇದೆ. ಕಾರ್ನೆಗಿ ಅಮೆರಿಕದಲ್ಲಿ ಕಟ್ಟಿಸಿದ ಮೊದಲ ಗ್ರಂಥಾಲಯ ಅಲ್ಲಿನದು, 1889. ಅವನ ಮೊದಲ ದೊಡ್ಡ ಉಕ್ಕಿನ ಕಾರ್ಖಾನೆಯೂ ಅಲ್ಲೇ, 1875ರಿಂದ ಇಂದಿನವರೆಗೂ ನಡೆಯುತ್ತಿದೆ. 2025ರಲ್ಲಿ ಜಪಾನಿನ ನಿಪ್ಪಾನ್ ಸ್ಟೀಲ್ ಪಾಲಾಯಿತು. ಒಂದು ಕಾಲಕ್ಕೆ ಇಪ್ಪತ್ತು ಸಾವಿರ ಇದ್ದ ಊರಿನಲ್ಲಿ ಈಗ ಎರಡು ಸಾವಿರವೂ ಇಲ್ಲ. 2010ರಲ್ಲಿ ಅಲ್ಲಿನ ಆಸ್ಪತ್ರೆಯನ್ನು ಮುಚ್ಚಿದರು. ಆಸ್ಪತ್ರೆಗಳಿಂದ ಎದ್ದುನಿಂತ ಊರು ಎನ್ನುತ್ತಾರಲ್ಲ, ಅದರ ಮಗ್ಗುಲಿನಲ್ಲೇ. ನದಿಯ ಮೇಲ್ಭಾಗದ ಕ್ಲೇರ್ಟನ್‌ನಲ್ಲಿ ಅಮೆರಿಕದ ಅತಿ ದೊಡ್ಡ ಕೋಕ್ ಕಾರ್ಖಾನೆ ಈಗಲೂ ಹೊಗೆ ಬಿಡುತ್ತದೆ, 2025ರ ಆಗಸ್ಟಿನ ಸ್ಫೋಟದಲ್ಲಿ ಇಬ್ಬರು ಕೆಲಸಗಾರರು ಸತ್ತರು. ಊರಿನ ನಡುವೆ ಹಿಲ್ ಡಿಸ್ಟ್ರಿಕ್ಟ್ ಎಂಬ ಕರಿಯರ ಬಡಾವಣೆ. ನಾಟಕಕಾರ ಆಗಸ್ಟ್ ವಿಲ್ಸನ್ ಹುಟ್ಟಿದ್ದು ಅಲ್ಲಿ, ಅವನ ಹತ್ತು ನಾಟಕಗಳ ಮಾಲೆಯಲ್ಲಿ ಒಂಬತ್ತು ನಡೆಯುವುದು ಈ ಊರಿನಲ್ಲಿ. ಅಭಿವೃದ್ಧಿಯ ಹೆಸರಿನಲ್ಲಿ 1950ರ ದಶಕದಲ್ಲಿ ಅದರ ಕೆಳಭಾಗವನ್ನು ಕೆಡವಿ ಸುಮಾರು ಎಂಟು ಸಾವಿರ ಜನರನ್ನು ಎಬ್ಬಿಸಿದರು. ಅಲ್ಲಿ ಕಟ್ಟಿದ ಕ್ರೀಡಾ ಮಂದಿರವನ್ನೂ ಐವತ್ತು ವರ್ಷಕ್ಕೆ ಕೆಡವಿದರು. ಆಮೇಲೆ ಬಹುಕಾಲ ಉಳಿದದ್ದು ಪಾರ್ಕಿಂಗ್.

ಆದ್ದರಿಂದ ಪಿಟ್ಸ್‌ಬರ್ಗ್ ಮಾದರಿ ಊರು ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಸೋಲನ್ನು ಮುಚ್ಚಿಟ್ಟಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಟಿಕೆಟ್ ಕೊಟ್ಟು ನೋಡಬಹುದು. ನೋಡಿದವನು ತನ್ನ ಊರಿನ ಬಗ್ಗೆ ಕೇಳಿಕೊಳ್ಳಬೇಕಾಗುತ್ತದೆ. ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು, ನೂರು ವರ್ಷ ತುಂಬಿದ ತಿಂಗಳಲ್ಲೇ. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಪುನಶ್ಚೇತನದ ಮಾತು ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಬಂದರೆ ಸಂತೋಷ. ಬಾರದಿದ್ದರೆ ಜಮೀನಿನ ಕಥೆ ಏನಾಗುತ್ತದೆಂದು ಮುಂಬಯಿಯವರಿಗೆ ಗೊತ್ತು. ಕೋಲಾರದ ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿ ಕಾಲು ಶತಮಾನ ಆಗುತ್ತ ಬಂತು. ಗಣಿಯೊಳಗೆ ಇಳಿದವರು ಇನ್ನೂ ಎಷ್ಟು ಮಂದಿ ಉಳಿದಿದ್ದಾರೆ, ಅವರಿಂದ ಯಾರು ಕೇಳಿ ಬರೆದುಕೊಳ್ಳುತ್ತಿದ್ದಾರೆ?

ಈ ವರ್ಷ ಮಕ್ಕಳ ಮನೆಗೆ ಹೊರಟವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ವೀಸಾ, ಟಿಕೆಟ್, ವಿಮೆ ಎಂದು ಇಬ್ಬರಿಗೆ ನಾಲ್ಕೈದು ಲಕ್ಷ ಕೈಬಿಡುತ್ತದೆ. ದರ್ಶನಕ್ಕೆ ಹೋಗಿ. ಪ್ರಸಾದ ತಿನ್ನಿ. ಆಮೇಲೆ ಕಾರು ಟೋಲ್ ರಸ್ತೆಗೆ ತಿರುಗುವ ಮೊದಲು ಮಗನಿಗೋ ಅಳಿಯನಿಗೋ ಹೇಳಿ, ಇನ್ನು ಅರ್ಧ ಗಂಟೆ ಪಶ್ಚಿಮಕ್ಕೆ ಬಿಡಪ್ಪಾ ಎಂದು. ಗೊಣಗಿದರೆ ಗೊಣಗಲಿ.

ಕ್ಯಾರಿಯಲ್ಲಿ ಕೊನೆಗೆ ಆ ಹಿರಿಯರು ಜೇಬಿನಿಂದ ಒಂದು ಹಿತ್ತಾಳೆಯ ಬಿಲ್ಲೆ ತೆಗೆದು ಎಲ್ಲರ ಕೈಗೂ ಕೊಟ್ಟರು. ಹಾಜರಿ ಬಿಲ್ಲೆ, ಮೇಲೆ ನಂಬರು. ಅವರ ತಂದೆಯದು. ಕಾರ್ಖಾನೆಯೊಳಗೆ ಹೆಸರಿರಲಿಲ್ಲ, ಇದೇ ಇದ್ದದ್ದು ಎಂದರು. ನನ್ನವಳು ಅದನ್ನು ತಿರುಗಿಸಿ ನೋಡಿ, “ಮಾವನವರದ್ದೂ ಹಿಂಗೇ ಇತ್ತಲ್ಲ” ಅಂದಳು. ಇತ್ತು. ಈಗಲೂ ಡೊಂಬಿವಲಿಯ ನಮ್ಮ ಕಪಾಟಿನಲ್ಲಿ, ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಇದೆ. ನಾನು ಸತ್ತ ಮೇಲೆ ಮಗಳು ಅದನ್ನು ಏನು ಮಾಡಬೇಕು? ಭದ್ರಾವತಿಯಲ್ಲಿ ಇಂಥದ್ದನ್ನು ತೆಗೆದುಕೊಂಡು, ಪಕ್ಕದಲ್ಲಿ ಒಂದು ಚೀಟಿ ಬರೆದು ಇಡುವವರು ಯಾರಾದರೂ ಇದ್ದರೆ, ಓದುಗರಲ್ಲಿ ಗೊತ್ತಿದ್ದವರು ಈ ಮೇಲಿಗೇ ಉತ್ತರ ಬರೆಯಿರಿ.